ಪರಿಷೆಯ ಕಾಯಿ, ಪಟಾನ್‌ಚೆರುವಿನ ದಾರಿ

ಕಾರ್ತಿಕದ ಕಡೇ ಸೋಮವಾರ ಬಂತೆಂದರೆ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಡುಗೆ ಬೇಗ ಮುಗಿಯುತ್ತದೆ. ಊಟ ಮಾಡಿ, ಎರಡು ಬಟ್ಟೆ ಚೀಲ ಮಡಚಿಕೊಂಡು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಡೆದೇ ಹೋಗುವುದು ನಾನು ಮದುವೆಯಾಗಿ ಬಂದ ವರ್ಷದಿಂದಲೂ ರೂಢಿ. ಈ ಸಲ ಜೊತೆಗೆ ಅಣ್ಣನ ಮಗಳಿದ್ದಳು. ಜಿಕೆವಿಕೆಯಲ್ಲಿ ಬಿಎಸ್ಸಿ ಕೃಷಿ, ಕಡೆಯ ವರ್ಷ.

ಹಿಂದಿನ ರಾತ್ರಿ ಮಲ್ಲೇಶ್ವರದಿಂದ ಅಣ್ಣ ಫೋನ್ ಮಾಡಿದ್ದ. “ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆ ಕಟ್ಟು ಅಂದ್ರೆ ಎಂಎಸ್ಸಿ ಅಂತಾಳೆ, ಪಿಎಚ್‌ಡಿ ಅಂತಾಳೆ. ಗಿಡ ನೋಡ್ಕೊಳ್ಳೋ ಮಾಲಿ ಕೆಲಸಕ್ಕೆ ಅಷ್ಟು ಓದಬೇಕಾ? ನೀನೇ ಸ್ವಲ್ಪ ಬುದ್ಧಿ ಹೇಳು” ಎಂದ. ನಾನೂ ಹೂಂಗುಟ್ಟಿದ್ದೆ. ಸುಳ್ಳೇಕೆ ಹೇಳಲಿ, ನನಗೂ ಬ್ಯಾಂಕೇ ಸರಿ ಎನ್ನಿಸಿತ್ತು.

ರಾಮಕೃಷ್ಣ ಆಶ್ರಮದ ವೃತ್ತ ದಾಟುವಷ್ಟರಲ್ಲಿ ಜನವೋ ಜನ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ಕಡಲೆಕಾಯಿಯ ರಾಶಿ. ಹಸಿಯದು, ಒಣಗಿದ್ದು, ಹುರಿದದ್ದು, ಹಬೆಯಾಡುವ ಬೇಯಿಸಿದ ಕಾಯಿ. ಬಾದಾಮಿ, ಸಾಮ್ರಾಟ್, ಗಡಂಗ್ ಎಂದು ಕೂಗುವ ಹೆಸರುಗಳು. ನಡುವೆ ಬತ್ತಾಸು, ಪೀಪಿ, ಬಳೆ. ಹಿಂದೆ ಸುಂಕೇನಹಳ್ಳಿಯಾಗಿದ್ದ ಈ ಜಾಗದಲ್ಲಿ ಬಸವಣ್ಣ ರಾತ್ರಿ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದನಂತೆ. ಅದಕ್ಕೇ ರೈತರು ಮೊದಲ ಫಸಲನ್ನು ಅವನಿಗೆ ಒಪ್ಪಿಸುವುದು. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಹಡಗು ಹತ್ತಿ ಬಂದ ಬೆಳೆ. ಕೆಂಪೇಗೌಡರ ಕಾಲಕ್ಕೇ ಅದು ಸುಂಕೇನಹಳ್ಳಿಗೆ ಬಂದಿತ್ತೇ ಎಂದು ಕೇಳಿ ಪರಿಷೆಯ ಖುಷಿ ಕೆಡಿಸುವುದು ಬೇಡ.

ಮಾಗಡಿ ಕಡೆಯ ಹೆಂಗಸೊಬ್ಬರ ಮುಂದೆ ನಾನು ಚೌಕಾಸಿಗೆ ನಿಂತೆ. ಕಾಯಿ ಸಣ್ಣದಿತ್ತು, ಕೆಲವು ಒತ್ತಿದರೆ ಪೊಳ್ಳು.

“ಹೂ ಬಿಡೋವಾಗ ಮಳೆ ಬರ್ಲಿಲ್ಲ ಕಣವ್ವ. ಗಿಡ ನೋಡಕ್ಕೆ ಚೆಂದಾಗೇ ಇತ್ತು, ಕಿತ್ರೆ ಕೆಳಗೆ ಏನೂ ಇಲ್ಲ” ಎಂದರು ಆಕೆ.

ನಮ್ಮ ಹುಡುಗಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. “ಯಾವ ತಳಿ ಹಾಕಿದ್ರಮ್ಮ?”

“ಯಾವ್ದೋ ಹಳೇದು. ಹೊಸಾದು ಐತಂತೆ, ನಮ್ಗೆ ಯಾರು ತಂದ್ಕೊಡ್ತಾರೆ?”

ಆಮೇಲೆ ನಾನು ಚೌಕಾಸಿ ಮಾಡಲಿಲ್ಲ. ಎರಡು ಸೇರು ತೆಗೆದುಕೊಂಡು ಕಹಳೆ ಬಂಡೆಯ ಉದ್ಯಾನಕ್ಕೆ ಹೋಗಿ ಕೂತೆವು. ಮರದ ಮೇಲೆ ಬಾವಲಿಗಳು, ಕೆಳಗೆ ನಾವು ಮತ್ತು ಸಿಪ್ಪೆ.

“ಅತ್ತೆ, ಕಡಲೆಕಾಯಿ ಹೂ ಬಿಡೋದು ನೆಲದ ಮೇಲೆ, ಕಾಯಿ ಕಟ್ಟೋದು ಒಳಗೆ, ಗೊತ್ತಲ್ಲ?” ಎಂದು ಶುರುಮಾಡಿದಳು. ಪುಟ್ಟ ಹಳದಿ ಹೂವು ಬೆಳಗಿನ ಜಾವ ಅರಳಿ ತನ್ನ ಪರಾಗದಿಂದಲೇ ಫಲ ಕಟ್ಟುತ್ತದೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಹೊರಟು ಕೆಳಕ್ಕೆ ಬಾಗಿ ಮಣ್ಣಿಗೆ ಇಳಿಯುತ್ತದೆ. ಅದರ ತುದಿಯೇ ಕತ್ತಲಲ್ಲಿ ಊದಿಕೊಂಡು ಕಾಯಿಯಾಗುತ್ತದೆ. ಆ ಹೊತ್ತಿಗೆ ಮೇಲ್ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಕಡ್ಡಿ ಒಳಗೆ ಹೋಗುವುದಾದರೂ ಹೇಗೆ? ಮಾಗಡಿಯ ತಾಯಿ ಹೇಳಿದ್ದೂ ಅದನ್ನೇ.

ಇವಳ ತಲೆಯಲ್ಲಿ ಕೂತಿದ್ದ ಜಾಗ ಹೈದರಾಬಾದಿನ ಹತ್ತಿರದ ಪಟಾನ್‌ಚೆರು. ನಮ್ಮ ಹುಮನಾಬಾದಿನಿಂದ ಹೆದ್ದಾರಿ ಹಿಡಿದರೆ ದಾರಿಯಲ್ಲೇ ಸಿಗುವ ಊರು. ಅಲ್ಲಿ 3,000 ಎಕರೆಗೂ ಮಿಕ್ಕ ಜಾಗದಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಿದೆ. ಶುರುವಾದದ್ದು 1972ರಲ್ಲಿ. ಭತ್ತಕ್ಕೆ ಫಿಲಿಪ್ಪೀನ್ಸಿನಲ್ಲಿ, ಗೋಧಿ ಮತ್ತು ಮೆಕ್ಕೆಜೋಳಕ್ಕೆ ಮೆಕ್ಸಿಕೋದಲ್ಲಿ ಇಂಥವೇ ಸಂಸ್ಥೆಗಳಿವೆ. ಇಕ್ರಿಸ್ಯಾಟ್‌ನ ಪಾಲಿಗೆ ಬಂದಿರುವುದು ಮಳೆ ನಂಬಿದ ಒಣಭೂಮಿಯ ಬೆಳೆಗಳು: ಜೋಳ, ಸಜ್ಜೆ, ತೊಗರಿ, ಕಡಲೆ, ಕಡಲೆಕಾಯಿ. ನಮ್ಮ ಅಡುಗೆಮನೆಯ ಡಬ್ಬಿಗಳೇ! ಅಲ್ಲಿನ ಬೀಜ ಭಂಡಾರದಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಬೀಜದ ಮಾದರಿಗಳನ್ನು ತಣ್ಣನೆಯ ಕೋಣೆಗಳಲ್ಲಿ ಕಾಪಿಟ್ಟಿದ್ದಾರೆ. ಕಡಲೆಕಾಯಿಯವೇ 15 ಸಾವಿರದಷ್ಟು.

“ಅಲ್ಲಿ ಏನು ಮಾಡ್ತಾರೆ, ದಿನವಿಡೀ?” ನನ್ನ ಪ್ರಶ್ನೆ.

ತಳಿ ಮಾಡುವವರು ಸಂಜೆ ಹೊಲದಲ್ಲಿ ಕೂತು, ಮಾರನೆಯ ದಿನ ಅರಳಬೇಕಾದ ಮೊಗ್ಗನ್ನು ಚಿಮಟದಲ್ಲಿ ಬಿಡಿಸಿ ಕೇಸರಗಳನ್ನು ಕೀಳುತ್ತಾರೆ. ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸಿ ಗುರುತಿಗೆ ದಾರ ಕಟ್ಟುತ್ತಾರೆ. ಅಷ್ಟು ಮಾಡಿದರೆ ಒಂದು ಕಾಯಿ, ಒಂದೆರಡು ಬೀಜ. ಇನ್ನು ಕೆಲವರು ಉದ್ದನೆಯ ಪಿವಿಸಿ ಕೊಳವೆಗಳಿಗೆ ಮಣ್ಣು ತುಂಬಿ ಗಿಡ ಬೆಳೆಸಿ, ಕೊಳವೆಯನ್ನೇ ಎತ್ತಿ ತೂಗುತ್ತಾರೆ. ಎಷ್ಟು ತೂಕ ಇಳಿಯಿತೋ ಅಷ್ಟು ನೀರು ಗಿಡ ಕುಡಿದಿದೆ ಎಂದು ಲೆಕ್ಕ. ಕಡಿಮೆ ನೀರಿನಲ್ಲಿ ಹೆಚ್ಚು ಕಾಯಿ ಕೊಟ್ಟದ್ದು ಯಾವುದೆಂದು ಹಾಗೆ ಗೊತ್ತಾಗುತ್ತದೆ. ಕಾಯಿಗೆ ಬರುವ ಬೂಷ್ಟಿನ ವಿಷ ಹುಡುಕುವವರು, ವಂಶವಾಹಿ ಓದುವವರು, ಲೆಕ್ಕ ಮಾಡುವ ಕಂಪ್ಯೂಟರಿನವರು, ರೈತರ ಮನೆಗೆ ಹೋಗಿ ಯಾಕೆ ಬಿತ್ತಲಿಲ್ಲ ಎಂದು ಕೇಳುವವರೂ ಇದ್ದಾರೆ.

“ಬಿಎಸ್ಸಿ ಮುಗಿದ ಕೂಡಲೇ ಕೆಲಸ ಕೊಡ್ತಾರಾ?”

“ಇಲ್ಲ ಅತ್ತೆ” ಎಂದಳು. ವಿದ್ಯಾರ್ಥಿಗಳು ಕೆಲವು ತಿಂಗಳು ತರಬೇತಿಗೆ ಹೋಗಬಹುದು. ಎಂಎಸ್ಸಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದು ತಳಿಶಾಸ್ತ್ರವನ್ನೋ ಸಸ್ಯ ಶರೀರಶಾಸ್ತ್ರವನ್ನೋ ಹಿಡಿಯಬೇಕು. ಎಂಎಸ್ಸಿ, ಪಿಎಚ್‌ಡಿಯ ಪ್ರಬಂಧದ ಕೆಲಸವನ್ನು ಅಲ್ಲಿನ ವಿಜ್ಞಾನಿಯ ಕೈಕೆಳಗೆ ಮಾಡಲು ಅವಕಾಶವಿದೆ. ಪದವಿ ಕೊಡುವುದು ಮಾತ್ರ ನಮ್ಮ ವಿಶ್ವವಿದ್ಯಾಲಯವೇ. ಕೃಷಿ ಓದದ ಸಸ್ಯಶಾಸ್ತ್ರ, ಜೈವಿಕ ತಂತ್ರಜ್ಞಾನ, ಸಂಖ್ಯಾಶಾಸ್ತ್ರದ ಮಕ್ಕಳಿಗೂ ಬಾಗಿಲು ಮುಚ್ಚಿಲ್ಲ. ಆಮೇಲಿನ ಹುದ್ದೆಗಳು ಎಷ್ಟೋ ಸಲ ಯೋಜನೆ ಇರುವಷ್ಟು ದಿನ, ಎರಡು ಮೂರು ವರ್ಷ. ಮುಗಿದ ಮೇಲೆ ಮತ್ತೆ ಹುಡುಕಬೇಕು. ಇದನ್ನು ಅವಳು ಮುಚ್ಚಿಡಲಿಲ್ಲ. ಹಾಗಾಗಿಯೇ ನನಗೆ ಅವಳ ಮಾತಿನ ಮೇಲೆ ನಂಬಿಕೆ ಬಂತೆಂದು ಕಾಣುತ್ತದೆ.

“ಅನಂತಪುರದಲ್ಲಿ ಅಜ್ಜಂದಿರ ಕಾಲದ ಟಿಎಂವಿ-2 ಬಿತ್ತುತ್ತಿದ್ದರು. ಅದರ ಜಾಗಕ್ಕೆ ಇಕ್ರಿಸ್ಯಾಟ್‌ನ ಐಸಿಜಿವಿ 91114 ಬಂತು. ಬರ ತಡೆಯುತ್ತೆ, ಬೇಗ ಕುಯ್ಲಿಗೆ ಬರುತ್ತೆ. ಹೆಸರಿನಲ್ಲಿ 91 ಇದೆಯಲ್ಲ, ಅದು 1991. ಬಿಡುಗಡೆ ಆಗಿದ್ದು 2006ರಲ್ಲಿ.”

ನಾನು ಬೆರಳು ಮಡಚಿ ಎಣಿಸಿದೆ. ಹದಿನೈದು ವರ್ಷ.

“ಈಗ ಬೆಳಕು, ಬಿಸಿ ಹೊಂದಿಸಿ ಒಂದೇ ವರ್ಷದಲ್ಲಿ ಹಲವು ತಲೆಮಾರು ಬೆಳೆಸ್ತಾರೆ. ಅಷ್ಟು ವರ್ಷ ಬೇಡ. ಆದ್ರೆ ಆ ಅಮ್ಮನ ಚೀಲಕ್ಕೆ ಬೀಜ ತಲುಪೋದು...” ಎಂದು ಅರ್ಧಕ್ಕೇ ನಿಲ್ಲಿಸಿ ಪೊಳ್ಳು ಕಾಯೊಂದನ್ನು ಜೇಬಿಗೆ ಹಾಕಿಕೊಂಡಳು.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು ಅಣ್ಣನ ಮನೆ ಮುಟ್ಟುವಾಗ ದೀಪ ಹಚ್ಚಿದ್ದರು. ಅತ್ತಿಗೆ ಉಪ್ಪು ಹಾಕಿ ಕಾಯಿ ಬೇಯಿಸಿದರು. ಅಣ್ಣ ಬಿಡಿಸುತ್ತಾ ನನ್ನ ಮುಖ ನೋಡಿದ. ಬುದ್ಧಿ ಹೇಳಿದೆಯಾ ಎಂದು ಆ ನೋಟದ ಅರ್ಥ.

“ಎರಡೂ ಪರೀಕ್ಷೆ ಬರೀಲಿ” ಎಂದೆ. “ಎಂಎಸ್ಸಿದು ಬಂದರೆ ಅದಕ್ಕೇ ಹೋಗಲಿ. ಎರಡು ವರ್ಷ ತಾನೇ.”

ಅಣ್ಣ ಸುಮ್ಮನೆ ನಾಲ್ಕು ಕಾಯಿ ಬಿಡಿಸಿದ. “ಆಮೇಲೆ? ಹೈದರಾಬಾದಿನಲ್ಲೇ ಇರ್ತಾಳಾ?”

“ಹೇಳೋಕಾಗಲ್ಲ ಅಪ್ಪ. ಆಫ್ರಿಕಾದಲ್ಲೂ ಅವರ ಕೇಂದ್ರಗಳಿವೆ. ಕೀನ್ಯಾ, ಮಲಾವಿ, ಮಾಲಿ...”

“ಹೇಳಿದ್ನಲ್ಲ, ಕೊನೆಗೆ ಮಾಲಿನೇ!” ಎಂದು ಅಣ್ಣ ನಕ್ಕುಬಿಟ್ಟ. ನಗು ನಿಂತ ಮೇಲೆ ಕೈ ಒರೆಸಿಕೊಂಡು, ಗೋಡೆಯ ಕಪಾಟಿನಿಂದ ಅವಳು ಹೈಸ್ಕೂಲಿನಲ್ಲಿ ಬಳಸುತ್ತಿದ್ದ ಅಟ್ಲಾಸ್ ತೆಗೆದ. “ಎಲ್ಲಿ ಬರುತ್ತೆ ಅದು, ತೋರಿಸು.”