ಕಬ್ಬಿಣದ ಕತೆ – ಭಾಗ 5: ಬಣ್ಣದ ಆಡಿಟ್

ಫ್ರೆಂಡ್ಸ್, ಫೋಟೋದಲ್ಲಿರೋ ಈ ತುಕ್ಕು ಹಿಡಿದ ಗೇಟು ನಮ್ಮನೇದೇ. ನಗಬೇಡಿ, ಕತೆ ಕೇಳಿ.

ನಮ್ಮಪ್ಪ ಪೇಂಟರ್. ಹೋದ ವರ್ಷ ಕೆ.ಆರ್.ಪೇಟೆ ಕಡೆ ಒಂದು ಶೆಡ್ ಕೆಲಸ ಅರ್ಧಕ್ಕೇ ಬಿಟ್ಟು ಬಂದ್ರು. ತುಕ್ಕು ಉಜ್ಜೋದು ಬೇಡ, ಪ್ರೈಮರ್ ಬೇಡ, ಮೇಲೊಂದು ಕೋಟ್ ಬಳಿದುಬಿಡಿ ಅಂದಿದ್ರಂತೆ. ನನ್ನ ಕಾಲೇಜ್ ಫೀಸು ಎರಡು ತಿಂಗಳು ಲೇಟಾಯ್ತು. "ಬಳಿದು ದುಡ್ಡು ಇಸ್ಕೊಂಡು ಬರೋದಲ್ವಾ?" ಅಂತ ರೇಗಿದ್ದೆ.

ಅಪ್ಪ ಮಾತಾಡಲಿಲ್ಲ. ನಾನೇ ಬಣ್ಣ ಹೊಡೆದಿದ್ದ ಈ ಗೇಟಿನ ಹತ್ರ ಕರ್ಕೊಂಡು ಹೋದ್ರು. ಬ್ಲೇಡಲ್ಲಿ ಚೌಕ ಚೌಕವಾಗಿ ಗೀರಿ, ಟೇಪ್ ಅಂಟಿಸಿ, ಸರ್ರಂತ ಎಳೆದ್ರು. ಬಣ್ಣ ಟೇಪ್ ಜೊತೆನೇ ಬಂತು. ಕೆಳಗೆ ಬರೀ ತುಕ್ಕು.

ದೊಡ್ಡ ಕೆಲಸಗಳಲ್ಲೂ ಈ ಪರೀಕ್ಷೆ ಇದೆ. ಪೇಂಟ್ ಎಷ್ಟು ದಪ್ಪ ಕೂತಿದೆ ಅಂತ ಮೈಕ್ರಾನ್‌ನಲ್ಲಿ ಅಳೆಯೋ ಮೀಟರ್ ಇದೆ. 1000 ಮೈಕ್ರಾನ್ ಸೇರಿದ್ರೆ 1 ಮಿಲಿಮೀಟರ್. ಕಣ್ಣಿಗೆ ಕಾಣದ ತೂತು ಸಿಕ್ಕರೆ ಬೀಪ್ ಅನ್ನೋ ಯಂತ್ರಾನೂ ಇದೆ. ಅಂಚಲ್ಲಿ, ವೆಲ್ಡಿಂಗ್ ಜಾಗದಲ್ಲಿ ಬಣ್ಣ ತೆಳುವಾಗಿ ಕೂರುತ್ತೆ. ತುಕ್ಕು ಹೆಚ್ಚಾಗಿ ಶುರುವಾಗೋದೂ ಅಲ್ಲೇ.

ಈಗ ಕೆಆರ್‌ಎಸ್ ನೆನೆಸ್ಕೊಳ್ಳಿ. 124.80 ಅಡಿ ತುಂಬಿದ್ರೆ ಶ್ರೀರಂಗಪಟ್ಟಣ, ಪಾಂಡವಪುರದವರೆಲ್ಲ ರೀಲ್ಸ್ ಮಾಡ್ತೀವಿ. ಆ ನೀರು ತಡೆದು ನಿಂತಿರೋ ಉಕ್ಕಿನ ಗೇಟುಗಳಿಗೂ ತುಕ್ಕೇ ಶತ್ರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತಲ್ಲ, ಒಂದು ಗೇಟಿನ ಬೆಲೆ ಏನು ಅಂತ ಆವಾಗ ಗೊತ್ತಾಯ್ತು.

ಬಿಲ್ ನೋಡಿ ನಂಬಬೇಡಿ, ಸ್ಟಾಕ್ ಎಣಿಸಿ ಅಂತ ಆಡಿಟಿಂಗ್ ಕ್ಲಾಸಲ್ಲಿ ಹೇಳ್ತಾರೆ. ಅಪ್ಪ ಆವತ್ತು ಮಾಡಿದ್ದೂ ಅದೇ.

ಭಾನುವಾರ ಗೇಟು ಉಜ್ಜೋದು ನಾನೇ. ಪ್ರೈಮರ್ ತಂದಾಗಿದೆ.