ಮಾಂಟ್ರೋಸಿನ ಮರಳುದಿಬ್ಬ

ಉಳ್ಳಾಲದ ಕಡಲಕರೆಯಲ್ಲಿ ಬೆಳೆದ ನನಗೆ ಕಡಲ್ಕೊರೆತವು ಹೊಸದಲ್ಲ. ಅಜ್ಜನು ನೆಟ್ಟ ತೆಂಗುಗಳು ಒಂದೊಂದಾಗಿ ನೀರುಪಾಲಾದುದನ್ನು ಕಂಡವನು ನಾನು. ಮಗಳ ಮನೆಗೆಂದು ಸ್ಕಾಟ್ಲೆಂಡಿಗೆ ಹೋಗಿದ್ದಾಗ, ಅಲ್ಲಿನ ಮಾಂಟ್ರೋಸ್ ಎಂಬ ಊರಿನಲ್ಲಿ ಕಡಲು ಗಾಲ್ಫ್ ಬಯಲನ್ನು ನುಂಗುತ್ತಿದೆಯೆಂದು ಕೇಳಿ ಒಳಗೊಳಗೇ ನಗು ಬಂದಿತು. ಬಿಡುವುಳ್ಳವರ ಚೆಂಡಾಟದ ಬಯಲು ಹೋದರೆ ಒಬ್ಬರ ಅಡಿಗೆಮನೆ ಹೋದಂತಾಗುವುದೇ?

ಆ ಬಯಲಿನಲ್ಲಿ 1562ರಿಂದಲೂ ಆಟವು ನಡೆದುಬಂದಿದೆಯೆಂದು ಊರವರ ಹೆಮ್ಮೆ. 2018ರ ವರದಿಯೊಂದರಂತೆ, ಅದಕ್ಕೆ ಹಿಂದಿನ 30 ವರ್ಷಗಳಲ್ಲಿ ಉತ್ತರ ಸಮುದ್ರವು ಬಯಲಿನತ್ತ ಸುಮಾರು 70 ಮೀಟರು ಸರಿದುಬಂದಿತ್ತು. ನಾನು ಕಂಡಾಗ ದಿಬ್ಬದ ಅಂಚು ಕತ್ತಿಯಿಂದ ಕೊಯ್ದಂತಿದ್ದಿತು. ಹುಲ್ಲಿನ ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಅಲ್ಲಿದ್ದ ವೃದ್ಧ ಆಟಗಾರರೊಬ್ಬರು ಮಾತನಾಡದೆ ಹಿಂದಕ್ಕೆ ಕೈತೋರಿದರು. ತಗ್ಗಿನಲ್ಲಿ ಊರು, ಇಗರ್ಜಿಯ ಗೋಪುರ. ಈ ಮರಳುದಿಬ್ಬವೇ ಊರಿಗೆ ಕೋಟೆ. ನನ್ನ ನಗುವಿಗೆ ನಾನೇ ನಾಚಿದೆನು.

"ಬಂಡೆಗಳನ್ನು ಹಾಕಬಾರದೇ?" ಎಂದೆನು. ಬಂಡೆಯಿದ್ದಲ್ಲಿ ನೆಲ ನಿಲ್ಲುವುದು, ಆದರೆ ಅದರ ಕೊನೆಯಾಚೆ ಅಲೆಯು ಇನ್ನಷ್ಟು ಹಸಿದು ಕೊರೆಯುವುದೆಂದು ಅವರೆಂದರು. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ತಂದೆಯವರು ಸಾಲಮಾಡಿ ಮನೆಯ ಮುಂದೆ ಕಲ್ಲು ಹಾಕಿಸಿದ್ದರು. ಮರುವರ್ಷ ಆಟಿಯ ಮಳೆಯಲ್ಲಿ ನಮ್ಮ ಮನೆಯು ಉಳಿಯಿತು. ತೆಂಕಣ ನೆರೆಯವರ ಅಡಿಗೆಮನೆಯು ಒಲೆಸಹಿತ ಹೋಯಿತು. ಆ ಮನೆಯಮ್ಮ ಒಂದು ತಿಂಗಳು ನಮ್ಮಲ್ಲಿಯೇ ಅಡಿಗೆ ಮಾಡಿಕೊಂಡರು. ಕಲ್ಲಿನ ಮಾತನ್ನು ಎತ್ತಲೇ ಇಲ್ಲ.

"ನಿಮ್ಮ ಕಡೆ ಕಲ್ಲು ಹಾಕುವುದುಂಟೋ?" ಎಂದು ಆ ವೃದ್ಧರು ಕೇಳಿದರು. "ಉಂಟು" ಎಂದಷ್ಟೇ ಹೇಳಿದೆನು.