ಪಾಚಿಯ ಬಾಟಲಿ

ಗಿಡಗಳಿಗೆ ಕೆಲ್ಪ್ ದ್ರಾವಣ ಸಿಂಪಡಿಸುವ ದಿನ ನಮ್ಮತ್ತೆ ತಾರಸಿಗೆ ಕಾಲಿಡುವುದಿಲ್ಲ. "ಏನಮ್ಮಾ ಇದು, ಮೀನು ಮಾರ್ಕೆಟ್ ವಾಸನೆ!" ಎಂದು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಮೀನಲ್ಲ ಅತ್ತೆ, ಪಾಚಿ ಅಂದರೆ, "ಬಾವಿಕಟ್ಟೇಲಿ ಜಾರಿ ಬೀಳಿಸುತ್ತಲ್ಲ, ಅದಕ್ಕೆ ದುಡ್ಡು ಬೇರೆ ಕೊಟ್ಯಾ?" ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ಕೆಲ್ಪ್ ತಣ್ಣನೆಯ ಕಡಲಿನ ಕಂದು ಪಾಚಿ. ಕ್ಯಾಲಿಫೋರ್ನಿಯಾ ಕರಾವಳಿಯ ದೈತ್ಯ ಕೆಲ್ಪ್ ಎಲ್ಲ ಕೂಡಿಬಂದರೆ ದಿನಕ್ಕೆ ಅರ್ಧ ಮೀಟರ್ ಬೆಳೆಯುತ್ತದಂತೆ. ಬೇರಿನ ಹಾಗೆ ಕಾಣುವುದು ಬಂಡೆ ಹಿಡಿಯಲಷ್ಟೇ; ಪೋಷಕಾಂಶಗಳನ್ನು ಇಡೀ ಮೈಯಿಂದ ಹೀರುತ್ತದೆ.

ಇಂಥ ಪಾಚಿಯನ್ನು ಗೊಬ್ಬರವಾಗಿಸುವುದು ಹೊಸತೇನಲ್ಲ. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ನೆಲವೆಂದರೆ ಸುಣ್ಣದಕಲ್ಲು. ಅಲ್ಲಿನವರು ಕಡಲಪಾಚಿಯನ್ನೂ ಮರಳನ್ನೂ ಹೊತ್ತು ತಂದು, ಬರಿಗಲ್ಲಿನ ಮೇಲೆ ಪದರ ಪದರವಾಗಿ ಹರಡಿ, ಮಣ್ಣನ್ನೇ ಮಾಡಿಕೊಂಡು ಆಲೂಗಡ್ಡೆ ಬೆಳೆದರು. 1934ರ 'ಮ್ಯಾನ್ ಆಫ್ ಅರಾನ್' ಚಿತ್ರದಲ್ಲಿ ಆ ಹೊರೆ ನೋಡಬೇಕು. ನಾನು ಮುಚ್ಚಳದಲ್ಲಿ ಅಳೆಯುವುದನ್ನು ಅವರು ಬೆನ್ನು ಬಾಗುವಂತೆ ಹೊತ್ತಿದ್ದಾರೆ.

ಬಾಟಲಿಯೊಳಗಿನದು ಡಿಕಾಕ್ಷನ್ನಿನಷ್ಟು ಕಪ್ಪು. ಬೆರಳಿಗೆ ತಾಗಿದರೆ ಲೋಳೆ ಲೋಳೆ. ಇದೊಂದಿದ್ದರೆ ಗಿಡಕ್ಕೆ ಇನ್ನೇನೂ ಬೇಡ ಎಂದು ಮಾರುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಇದರಲ್ಲಿ ಸಾರಜನಕ ತೀರಾ ಕಡಿಮೆ, ರಂಜಕ ಹೆಸರಿಗಷ್ಟೇ, ಪೊಟ್ಯಾಷ್ ತುಸು ಉಂಟು. ಕಸುವೆಲ್ಲ ಇರುವುದು ಸೈಟೊಕೈನಿನ್, ಆಕ್ಸಿನ್‌ನಂಥ ಬೆಳವಣಿಗೆಯ ಚೋದಕಗಳಲ್ಲಿ. ಅಂದರೆ ಇದು ಟಾನಿಕ್ಕು. ಊಟವಿಲ್ಲದವನಿಗೆ ಟಾನಿಕ್ ಕುಡಿಸಿ ಏನು ಪ್ರಯೋಜನ? ಸರ್ಕಾರವೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಕಡಲಪಾಚಿಯ ಸಾರವನ್ನು ಜೈವಿಕ ಉತ್ತೇಜಕಗಳೆಂಬ ಬೇರೆ ಪಂಕ್ತಿಯಲ್ಲೇ ಕೂರಿಸಿತು.

ನಮ್ಮ ಬೆಚ್ಚನೆಯ ಕಡಲಲ್ಲಿ ಕೆಲ್ಪ್ ಬೆಳೆಯದು. ಆದರೆ ತಮಿಳುನಾಡಿನ ರಾಮನಾಥಪುರದ ತೀರದಲ್ಲಿ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯನ್ನು ಬಿದಿರಿನ ತೆಪ್ಪಕ್ಕೆ ಕಟ್ಟಿ ಬೆಳೆಸುತ್ತಾರೆ; ದುಡಿಯುವವರಲ್ಲಿ ಬಹಳ ಮಂದಿ ಹೆಂಗಸರು. ಭಾವನಗರದ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆ ಕಂಡುಕೊಂಡ ವಿಧಾನದಂತೆ ಹಸಿ ಪಾಚಿಯನ್ನು ಅರೆದು ಹಿಂಡಿದರೆ ರಸ ಗಿಡಕ್ಕೆ. ಉಳಿದ ಚರಟದಿಂದ ಕ್ಯಾರಜೀನನ್ ತೆಗೆಯುತ್ತಾರೆ, ಅದು ಐಸ್‌ಕ್ರೀಮಿಗೂ ಹೋಗುತ್ತದೆ. (ಅತ್ತೆಗೆ ಇದನ್ನಿನ್ನೂ ಹೇಳಿಲ್ಲ. ಅವರಿಗೆ ಐಸ್‌ಕ್ರೀಮ್ ಪ್ರಾಣ.)

ನನ್ನನ್ನು ಕೇಳಿದರೆ, ಸಾಗರ ದಾಟಿ ಬಂದ ದುಬಾರಿ ಬಾಟಲಿಗಿಂತ ನಮ್ಮ ತೀರದ ಈ ಪಾಚಿರಸವೇ ವಾಸಿ. ಲೀಟರ್ ನೀರಿಗೆ ಎರಡು ಮೂರು ಎಂ.ಎಲ್. ಸಾಕು; ಬಿಸಿಲೇರುವ ಮುಂಚೆ ಎಲೆಯಡಿಗೂ ತಾಗುವಂತೆ ಸಿಂಪಡಿಸಿ. ಅದಕ್ಕೂ ಮೊದಲು ಕುಂಡಕ್ಕೆ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ ಹಾಕಿ.